ಪ್ಲೇಟ್‌ಲೆಟ್ ರಿಸೆಪ್ಟರ್ ಅಧ್ಯಯನ ಓದುವಾಗ ಎಲ್ಲೆಲ್ಲಿ ತಡೆದು ನಿಲ್ಲಬೇಕು

"ಖಿನ್ನತೆ ಇರುವವರ ಪ್ಲೇಟ್‌ಲೆಟ್‌ಗಳಲ್ಲಿ ರಿಸೆಪ್ಟರ್ ಕಡಿಮೆ." ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣ, ರಿಸೆಪ್ಟರ್ ಅಂದರೆ ಅದರ ಪೊರೆಯ ಮೇಲೆ ಸಂದೇಶ ಹಿಡಿಯುವ ಪ್ರೋಟೀನ್. ಹೀಗೊಂದು ಸಾಲು ಓದಿದ ಕೂಡಲೇ ತಲೆ ಮುಂದಕ್ಕೆ ಓಡುತ್ತದೆ. ಹಾಗಾದ್ರೆ ರಕ್ತ ಕೊಟ್ಟು ಖಿನ್ನತೆ ಇದೆಯೋ ಇಲ್ಲವೋ ಪತ್ತೆ ಮಾಡಬಹುದಾ? ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ಹದಿನೈದು ದಿನಕ್ಕೊಮ್ಮೆ ನೋಡಬಹುದಾ? ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅಂತ ತಿಳಿಯಬೇಕಾದರೆ ಆ ಒಂದು ಸಾಲಿನ ಹಿಂದೆ ಏನೇನು ನಡೆದಿರುತ್ತದೆ ಅಂತ ಬಿಡಿಸಿ ನೋಡಬೇಕು. ಈ ಬರಹ ಅದಕ್ಕೇ. ವಿದ್ಯಾರ್ಥಿಗಳಿಗೆ, ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ, ತಾವೇ ಮಾತ್ರೆ ತೆಗೆದುಕೊಳ್ಳುತ್ತಾ ಇಂಥದ್ದನ್ನೆಲ್ಲ ಓದುವವರಿಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಕ್ಷೇತ್ರದಲ್ಲಿ ರೋಗದಿಂದ ಆದ ಬದಲಾವಣೆಗಿಂತ ಔಷಧಿಯಿಂದ ಆದ ಬದಲಾವಣೆಯೇ ಹೆಚ್ಚು ಗಟ್ಟಿ. ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಕಲಿತರೆ ಅರ್ಧ ಗೊಂದಲ ಹೋಗುತ್ತದೆ.

ಮೊದಲು, ಮನಸ್ಸಿನ ಕಾಯಿಲೆಗೆ ಪ್ಲೇಟ್‌ಲೆಟ್ ಯಾಕೆ?

ಬದುಕಿರುವ ಮನುಷ್ಯನ ಮಿದುಳಿನ ತುಂಡು ತೆಗೆದು ನೋಡಲಾಗುವುದಿಲ್ಲ. ರಕ್ತ ತೆಗೆಯುವುದು ಸುಲಭ. ಇಷ್ಟೇ ಆಗಿದ್ದರೆ ರಕ್ತದ ಯಾವ ಕಣವಾದರೂ ಆಗುತ್ತಿತ್ತು. ಆದರೆ ಪ್ಲೇಟ್‌ಲೆಟ್‌ಗೂ ಸೆರೊಟೋನಿನ್ ಎಂಬ ಸಂದೇಶವಾಹಕ ರಾಸಾಯನಿಕ ಬಳಸುವ ನರಕೋಶಕ್ಕೂ ಕೆಲವು ಭಾಗಗಳು ಒಂದೇ. ಸೆರೊಟೋನಿನ್ನನ್ನು ಒಳಗೆ ಎಳೆದುಕೊಳ್ಳುವ ಪಂಪ್, ಅಂದರೆ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್, ಎರಡರಲ್ಲೂ ಒಂದೇ ಜೀನಿನಿಂದ ಬರುತ್ತದೆ. 5-ಎಚ್‌ಟಿ2ಎ ಎಂಬ, ಸೆರೊಟೋನಿನ್ ಹಿಡಿಯುವ ರಿಸೆಪ್ಟರ್ ಕೂಡ ಹಾಗೇ. ಅಡ್ರಿನಲಿನ್ ಜಾತಿಯ ಸಂದೇಶ ಹಿಡಿಯುವ ಆಲ್ಫಾ-2ಎ ಅಡ್ರಿನರ್ಜಿಕ್ ರಿಸೆಪ್ಟರ್ ಇದೆ. ಇಂಥ ರಾಸಾಯನಿಕಗಳನ್ನು ಒಡೆಯುವ ಮೊನೊಅಮೈನ್ ಆಕ್ಸಿಡೇಸ್-ಬಿ (ಎಂಎಒ-ಬಿ) ಎಂಬ ಕಿಣ್ವವೂ ಇದೆ.

ಹಾಗಂತ ಪ್ಲೇಟ್‌ಲೆಟ್ ಅಂದರೆ ಪುಟ್ಟ ನರಕೋಶ ಅಂದುಕೊಳ್ಳಬೇಡಿ. ಅದಕ್ಕೆ ನ್ಯೂಕ್ಲಿಯಸ್ಸೇ ಇಲ್ಲ. ಮೂಳೆಯ ಮಜ್ಜೆಯಲ್ಲಿರುವ ಮೆಗಾಕ್ಯಾರಿಯೊಸೈಟ್ ಎಂಬ ದೊಡ್ಡ ಕೋಶದಿಂದ ಕಳಚಿ ಬಿದ್ದ ಚೂರು ಅದು. 7ರಿಂದ 10 ದಿನ ಬದುಕುತ್ತದೆ. ತನಗೆ ಬೇಕಾದ ಸೆರೊಟೋನಿನ್ನನ್ನು ತಾನೇ ತಯಾರಿಸುವುದಿಲ್ಲ. ಕರುಳಿನ ಕೋಶಗಳು ತಯಾರಿಸಿ ರಕ್ತಕ್ಕೆ ಬಿಟ್ಟದ್ದನ್ನು ಹೀರಿಕೊಂಡು, ಒಳಗಿನ ಸಣ್ಣ ಸಣ್ಣ ಕಣಗಳಲ್ಲಿ ತುಂಬಿಟ್ಟುಕೊಳ್ಳುತ್ತದೆ. ರಕ್ತದಲ್ಲಿರುವ ಸೆರೊಟೋನಿನ್ ಹೆಚ್ಚುಕಡಿಮೆ ಪೂರ್ತಿ ಇರುವುದು ಪ್ಲೇಟ್‌ಲೆಟ್ ಒಳಗೇ. ಮಿದುಳಿನ ಸೆರೊಟೋನಿನ್ ಬೇರೆ, ಇದು ಬೇರೆ. ನಡುವೆ ಗೋಡೆ ಇದೆ, ಆ ಗೋಡೆಯನ್ನು ಸೆರೊಟೋನಿನ್ ದಾಟುವುದಿಲ್ಲ. ಹಾಗಾಗಿ "ಪ್ಲೇಟ್‌ಲೆಟ್ ಸೆರೊಟೋನಿನ್ ಕಡಿಮೆ ಇದೆ, ಆದ್ದರಿಂದ ಮಿದುಳಲ್ಲೂ ಕಡಿಮೆ" ಅಂತ ಯಾರಾದರೂ ಬರೆದಿದ್ದರೆ ಅಲ್ಲಿಗೇ ಓದು ನಿಲ್ಲಿಸಬಹುದು.

ಯಾವುದನ್ನು ಅಳೆದರು, ಯಾವುದರಿಂದ ಅಳೆದರು

ಅಧ್ಯಯನ ಕೈಗೆ ಬಂದರೆ ಫಲಿತಾಂಶಕ್ಕೆ ಹಾರಬೇಡಿ. ವಿಧಾನದ ಭಾಗಕ್ಕೆ ಹೋಗಿ ಎರಡು ಪದ ಹುಡುಕಿ: ಅಳೆದದ್ದು ಏನು, ಅದಕ್ಕೆ ಅಂಟಿಸಿದ ಗುರುತು ಯಾವುದು. ಸಾಮಾನ್ಯವಾಗಿ ವಿಕಿರಣ ಸೂಸುವ ಟ್ರಿಟಿಯಂ ಸೇರಿಸಿದ ಒಂದು ಔಷಧಿಯನ್ನು ಪ್ಲೇಟ್‌ಲೆಟ್ ಪೊರೆಗೆ ಅಂಟಲು ಬಿಡುತ್ತಾರೆ. ಎಷ್ಟು ಅಂಟಿತು ಅಂತ ಎಣಿಸುತ್ತಾರೆ. ಇದೇ ಬೈಂಡಿಂಗ್ ಪರೀಕ್ಷೆ. ಗುರುತಿನ ಔಷಧಿ ಬದಲಾದರೆ ಉತ್ತರವೂ ಬದಲಾಗಬಹುದು, ಕೆಲವೊಮ್ಮೆ ತಲೆಕೆಳಗೇ ಆಗಬಹುದು.

ಇದಕ್ಕೆ ಇಮಿಪ್ರಮಿನ್ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಮಿಪ್ರಮಿನ್ ಖಿನ್ನತೆಗೆ ಕೆಲಸ ಮಾಡುತ್ತದೆ ಅಂತ ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ 1957ರಲ್ಲಿ ವರದಿ ಮಾಡಿದರು. ಇಪ್ಪತ್ತು ವರ್ಷ ಚಿಲ್ಲರೆ ಕಳೆದ ಮೇಲೆ ಅದೇ ಔಷಧಿಗೆ ಟ್ರಿಟಿಯಂ ಸೇರಿಸಿ ಅಳತೆಗೋಲು ಮಾಡಿಕೊಂಡರು. 1980ರಲ್ಲಿ ಬ್ರೈಲಿ, ಲ್ಯಾಂಗರ್ ಮತ್ತು ಸಂಗಡಿಗರು ಔಷಧಿ ತೆಗೆದುಕೊಳ್ಳದ ಖಿನ್ನತೆಯ ರೋಗಿಗಳ ಪ್ಲೇಟ್‌ಲೆಟ್‌ನಲ್ಲಿ ಇಮಿಪ್ರಮಿನ್ ಅಂಟುವ ಜಾಗಗಳು ಕಡಿಮೆ ಅಂತ ಪ್ರಕಟಿಸಿದರು. ದೊಡ್ಡ ಸುದ್ದಿಯಾಯಿತು. ಖಿನ್ನತೆಗೆ ರಕ್ತಪರೀಕ್ಷೆ ಸಿಕ್ಕೇಬಿಟ್ಟಿತು ಅನ್ನೋ ಆಸೆ ಹುಟ್ಟಿತು. ಆಮೇಲೆ ಒಂದರ ಹಿಂದೊಂದು ಅಧ್ಯಯನ ಬಂದವು. ಕೆಲವರಿಗೆ ಅದೇ ಉತ್ತರ, ಕೆಲವರಿಗೆ ವ್ಯತ್ಯಾಸವೇ ಇಲ್ಲ.

ಯಾಕೆ ಹೀಗಾಯಿತು? ಇಮಿಪ್ರಮಿನ್ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್‌ಗೆ ಮಾತ್ರ ಅಂಟುವುದಿಲ್ಲ, ಬೇರೆ ಕಡೆಯೂ ಹಚ್ಚಿಕೊಳ್ಳುತ್ತದೆ. ಆ ಬೇರೆ ಕಡೆಯದ್ದನ್ನು ಕಳೆಯುವ ರೀತಿ ಒಂದೊಂದು ಲ್ಯಾಬಿನಲ್ಲಿ ಒಂದೊಂದು ಥರ. ಮುಂದೆ ಖಿನ್ನತೆಯದ್ದೇ ಇನ್ನೊಂದು ಔಷಧಿ ಪ್ಯಾರೊಕ್ಸೆಟಿನ್ ಬಂತು. ಅದು ಟ್ರಾನ್ಸ್‌ಪೋರ್ಟರ್‌ಗೆ ಹೆಚ್ಚು ಗುರಿಯಿಟ್ಟು ಅಂಟುತ್ತದೆ. ಅದನ್ನು ಬಳಸಿ ನೋಡಿದ ಹಲವು ಅಧ್ಯಯನಗಳಲ್ಲಿ ಖಿನ್ನತೆ ಇರುವವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಅಳತೆಗೋಲು ಚೂಪಾದಷ್ಟೂ ವ್ಯತ್ಯಾಸ ಮಂಕಾಯಿತು. ಇದು ಗಮನಿಸಬೇಕಾದ ಲಕ್ಷಣ ಅಲ್ವಾ?

ಅಂದ ಹಾಗೆ ಟ್ರಾನ್ಸ್‌ಪೋರ್ಟರ್ ರಿಸೆಪ್ಟರ್ ಅಲ್ಲ. ರಿಸೆಪ್ಟರ್ ಸಂದೇಶ ಕೇಳುವ ಕಿವಿ, ಟ್ರಾನ್ಸ್‌ಪೋರ್ಟರ್ ಸಾಮಾನು ಸಾಗಿಸುವ ಬಾಗಿಲು. ಹಳೆಯ ಬರಹಗಳಲ್ಲಿ ಟ್ರಾನ್ಸ್‌ಪೋರ್ಟರ್‌ಗೂ "ಇಮಿಪ್ರಮಿನ್ ರಿಸೆಪ್ಟರ್" ಅಂತ ಸಡಿಲವಾಗಿ ಬರೆದಿರುತ್ತಾರೆ. ಮೋಸ ಹೋಗಬೇಡಿ.

ಆಲ್ಫಾ-2 ರಿಸೆಪ್ಟರ್ ಕತೆ ಇನ್ನೂ ಸ್ವಾರಸ್ಯ. ಖಿನ್ನತೆಯಲ್ಲಿ ಕ್ಲೋನಿಡಿನ್ ಅಂಟುವುದು ಜಾಸ್ತಿ, ಇಮಿಪ್ರಮಿನ್ ಜಾತಿಯ ಟ್ರೈಸೈಕ್ಲಿಕ್ ಔಷಧಿ ಕೊಟ್ಟ ಮೇಲೆ ಇಳಿಯುತ್ತದೆ ಅಂತ 1981ರಲ್ಲಿ ವರದಿಯಾಯಿತು. ಅದೇ ರಿಸೆಪ್ಟರನ್ನು ಯೊಹಿಂಬಿನ್‌ನಿಂದ ಅಳೆದ ಹಲವರಿಗೆ ಏನೂ ವ್ಯತ್ಯಾಸ ಸಿಗಲಿಲ್ಲ. ಯಾರೋ ಒಬ್ಬರು ತಪ್ಪು ಮಾಡಿದ್ದಾರೆ ಅನ್ನಿಸುತ್ತದೆ, ಆದರೆ ಹಾಗೆ ಅನ್ನಬೇಕಾಗಿಲ್ಲ. ಕ್ಲೋನಿಡಿನ್ ರಿಸೆಪ್ಟರನ್ನು ಚಾಲೂ ಮಾಡುವ ಔಷಧಿ, ಯೊಹಿಂಬಿನ್ ತಡೆಯುವ ಔಷಧಿ. ಚಾಲೂ ಮಾಡುವ ಔಷಧಿ ಸಂದೇಶವನ್ನು ಕೋಶದೊಳಗೆ ಸಾಗಿಸುವ ಜಿ-ಪ್ರೋಟೀನ್ ಜೊತೆ ಕೊಂಡಿ ಹಾಕಿಕೊಂಡು ಸಿದ್ಧವಾಗಿ ನಿಂತ ರಿಸೆಪ್ಟರಿಗೆ ಬಿಗಿಯಾಗಿ ಅಂಟುತ್ತದೆ. ಕೊಂಡಿ ಇಲ್ಲದ್ದಕ್ಕೆ ಅಷ್ಟಕ್ಕಷ್ಟೆ. ತಡೆಯುವ ಔಷಧಿಗೆ ಆ ಭೇದ ಇಲ್ಲ, ಎಲ್ಲವನ್ನೂ ಎಣಿಸುತ್ತದೆ. ಹಾಗಾಗಿ ಒಟ್ಟು ಸಂಖ್ಯೆ ಅಷ್ಟೇ ಇದ್ದು, ಸಿದ್ಧವಾಗಿ ನಿಂತವು ಮಾತ್ರ ಜಾಸ್ತಿಯಾಗಿದ್ದರೂ ಎರಡೂ ಫಲಿತಾಂಶ ಒಟ್ಟಿಗೆ ನಿಜ ಆಗಬಹುದು. ಇನ್ನೊಂದು ತೊಡಕೂ ಇದೆ. ಕ್ಲೋನಿಡಿನ್ ಜಾತಿಯ ಔಷಧಿಗಳು ಇಮಿಡಜೋಲಿನ್ ಎಂಬ ಬೇರೆಯದೇ ಜಾಗಕ್ಕೂ ಅಂಟುತ್ತವೆ, ಅದೂ ಪ್ಲೇಟ್‌ಲೆಟ್ ಮೇಲಿದೆ. ಹಾಗಾಗಿ "ಆಲ್ಫಾ-2 ಜಾಸ್ತಿ" ಅಂತ ಓದಿದರೆ ಗುರುತು ಯಾವುದು ಅಂತ ಕೇಳದೆ ಮುಂದೆ ಹೋಗಬೇಡಿ.

5-ಎಚ್‌ಟಿ2ಎ ಬಗ್ಗೆ ಚಿಕ್ಕದಾಗಿ. ಆತ್ಮಹತ್ಯೆಯ ಯೋಚನೆ ಅಥವಾ ಯತ್ನ ಇದ್ದವರಲ್ಲಿ ಈ ರಿಸೆಪ್ಟರ್ ಹೆಚ್ಚು ಅಂತ 1990ರ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಗುಂಪುಗಳು ಕಂಡವು. ಅದು ಯಾವುದೋ ಒಂದು ಕಾಯಿಲೆಗೆ ಅಂಟಿಕೊಂಡಿರಲಿಲ್ಲ. ಆದರೆ ಇದೂ ಗುಂಪಿನ ಸರಾಸರಿ. ಎದುರಿಗೆ ಕೂತ ಒಬ್ಬರ ಅಪಾಯವನ್ನು ಇದರಿಂದ ತೂಗಲು ಹೋಗಬಾರದು, ಅವರನ್ನೇ ಕೇಳಬೇಕು.

ಎರಡು ಸಂಖ್ಯೆ, ಒಂದು ಚಿಕ್ಕ ಲೆಕ್ಕ

ಬೈಂಡಿಂಗ್ ಪರೀಕ್ಷೆಯಿಂದ ಎರಡು ಸಂಖ್ಯೆ ಬರಬೇಕು. ಬಿ-ಮ್ಯಾಕ್ಸ್ ಅಂದರೆ ಒಟ್ಟು ಎಷ್ಟು ಕುರ್ಚಿ, ಅಂದರೆ ಅಂಟುವ ಜಾಗ, ಇವೆ. ಕೆ-ಡಿ ಅಂದರೆ ಅರ್ಧ ಕುರ್ಚಿ ತುಂಬಲು ಎಷ್ಟು ಜನ ಬೇಕು. ಕೆ-ಡಿ ಕಡಿಮೆ ಇದ್ದಷ್ಟೂ ಬಿಗಿಯಾಗಿ ಅಂಟುತ್ತದೆ. ನಾನು ಮೊದಮೊದಲು ಓದುವಾಗ ಬಿ-ಮ್ಯಾಕ್ಸ್ ಮಾತ್ರ ನೋಡಿ ಕೆ-ಡಿ ಕಾಲಂ ದಾಟಿಸಿಬಿಡುತ್ತಿದ್ದೆ. ಅಸಲಿ ಸುಳಿವು ಇರುವುದೇ ಆ ಕಾಲಂನಲ್ಲಿ.

ಒಂದು ಲೆಕ್ಕ ಮಾಡಿ ನೋಡೋಣ. ಕೆ-ಡಿ 1 ನ್ಯಾನೊಮೋಲಾರ್ (ಸಾಂದ್ರತೆಯ ಅಳತೆ), ನೀವು ಹಾಕಿದ ಗುರುತಿನ ಔಷಧಿಯೂ 1 ನ್ಯಾನೊಮೋಲಾರ್ ಅಂತಿಟ್ಟುಕೊಳ್ಳಿ. ಅರ್ಧ ಕುರ್ಚಿ ತುಂಬುತ್ತವೆ, 50%. ಈಗ ರೋಗಿ ನುಂಗಿದ್ದ ಮಾತ್ರೆಯ ಉಳಿಕೆ ಪೊರೆಯಲ್ಲಿ ಸ್ವಲ್ಪ ಉಳಿದಿದೆ, ಅದು ಅದೇ ಕುರ್ಚಿಗೆ ಪೈಪೋಟಿ ಮಾಡುತ್ತಿದೆ. ಆ ಉಳಿಕೆ ತನ್ನದೇ ಅರ್ಧ ತುಂಬುವ ಮಟ್ಟದಲ್ಲಿದ್ದರೆ ನಿಮಗೆ ಕಾಣುವ ಕೆ-ಡಿ 2 ಆಗುತ್ತದೆ. ಈಗ ತುಂಬುವುದು 1 ಭಾಗಿಸು 3, ಅಂದರೆ ಸುಮಾರು 33%. ಐವತ್ತು ಇದ್ದದ್ದು ಮೂವತ್ತಮೂರಕ್ಕೆ ಇಳಿಯಿತು, ಮೂರನೇ ಒಂದು ಭಾಗ ಹೋಯಿತು. ಆದರೆ ಒಂದು ಕುರ್ಚಿಯೂ ಕಡಿಮೆಯಾಗಿಲ್ಲ!

ಗುರುತಿನ ಔಷಧಿಯ ಒಂದೇ ಒಂದು ಮಟ್ಟದಲ್ಲಿ ಅಳೆದ ಅಧ್ಯಯನಗಳು ಇಲ್ಲೇ ಎಡವುವುದು. ಹಲವು ಮಟ್ಟಗಳಲ್ಲಿ ಅಳೆದು ಪೂರ್ತಿ ರೇಖೆ ಎಳೆದಿದ್ದರೆ ಬಿ-ಮ್ಯಾಕ್ಸ್ ಹಾಗೇ ಇದ್ದು ಕೆ-ಡಿ ಮಾತ್ರ ಏರಿದ್ದು ಕಾಣುತ್ತದೆ. ಹಾಗೆ ಕಂಡರೆ ಮೊದಲ ಅನುಮಾನ ಉಳಿಕೆ ಔಷಧಿಯ ಮೇಲೆ ಬರಬೇಕು, ಕಾಯಿಲೆಯ ಮೇಲಲ್ಲ.

ಸ್ಕಿಜೋಫ್ರೇನಿಯಾ ಅಧ್ಯಯನಗಳಲ್ಲಿ ಇದನ್ನು ಇನ್ನೂ ಹುಷಾರಾಗಿ ನೋಡಬೇಕು. ಕ್ಲೋಜಪಿನ್, ಓಲಾಂಜಪಿನ್, ರಿಸ್ಪೆರಿಡೋನ್ ಮೂರೂ 5-ಎಚ್‌ಟಿ2ಎಗೆ ಬಲವಾಗಿ ಅಂಟುವ ಔಷಧಿಗಳು. ಅವನ್ನು ತೆಗೆದುಕೊಳ್ಳುತ್ತಿರುವವರ ಪ್ಲೇಟ್‌ಲೆಟ್‌ನಲ್ಲಿ ಆ ರಿಸೆಪ್ಟರ್ "ಕಡಿಮೆ" ಕಂಡರೆ ಆಶ್ಚರ್ಯ ಏನಿದೆ?

ಔಷಧಿ ಬಿಟ್ಟು ಎಷ್ಟು ದಿನ?

"ರೋಗಿಗಳು ಔಷಧಿ ತೆಗೆದುಕೊಳ್ಳುತ್ತಿರಲಿಲ್ಲ" ಅಂತ ಬರೆದಿದ್ದರೆ ಸಾಲದು. ಎಂದೂ ತೆಗೆದುಕೊಂಡಿಲ್ಲವಾ, ಅಥವಾ ಬಿಟ್ಟು ಒಂದು ವಾರ ಆಯಿತಾ? ಇವೆರಡಕ್ಕೂ ತುಂಬಾ ವ್ಯತ್ಯಾಸ. ಪ್ಯಾರೊಕ್ಸೆಟಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ದಿನ ಸಾಕು. ಫ್ಲೂಯೊಕ್ಸೆಟಿನ್ ಹಾಗಲ್ಲ. ಅದು ದೇಹದಲ್ಲಿ ನಾರ್‌ಫ್ಲೂಯೊಕ್ಸೆಟಿನ್ ಆಗಿ ಬದಲಾಗುತ್ತದೆ, ಅದಕ್ಕೂ ಅಷ್ಟೇ ಪ್ರಭಾವ, ಅದು ಅರ್ಧಕ್ಕೆ ಇಳಿಯಲು 4ರಿಂದ 16 ದಿನ ಬೇಕಾಗಬಹುದು. ಅದಕ್ಕೇ ಫ್ಲೂಯೊಕ್ಸೆಟಿನ್ ನಿಲ್ಲಿಸಿ ಎಂಎಒ, ಅಂದರೆ ಮೊನೊಅಮೈನ್ ಆಕ್ಸಿಡೇಸ್, ತಡೆಯುವ ಔಷಧಿ ಶುರು ಮಾಡಲು ಕನಿಷ್ಠ 5 ವಾರ ಕಾಯಿರಿ ಅಂತ ಹೇಳುವುದು. ತಿಂಗಳಿಗೊಮ್ಮೆ ಕೊಡುವ, ನಿಧಾನಕ್ಕೆ ಔಷಧಿ ಬಿಡುವ ಡಿಪೋ ಇಂಜೆಕ್ಷನ್ ಆದರಂತೂ ವಾರಗಳ ಲೆಕ್ಕ ಸಾಲದು, ತಿಂಗಳುಗಳ ಲೆಕ್ಕ ಹಾಕಬೇಕು.

ಔಷಧಿ ಪೂರ್ತಿ ಹೋದ ಮೇಲೂ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲದ್ದರಿಂದ ಹೊಸ ರಿಸೆಪ್ಟರ್ ಮಾಡಿಕೊಳ್ಳುವ ಶಕ್ತಿ ತೀರಾ ಕಡಿಮೆ. ಮಜ್ಜೆಯಲ್ಲಿ ಹುಟ್ಟುವಾಗ ಏನು ಹೊತ್ತುಕೊಂಡು ಬಂತೋ ಬಹುಮಟ್ಟಿಗೆ ಅಷ್ಟೇ ಆಸ್ತಿ. ಹಾಗಾಗಿ ರಿಸೆಪ್ಟರ್ ಸಂಖ್ಯೆ ನಿಜವಾಗಿ ಬದಲಾಗಬೇಕಾದರೆ ಹಳೆಯ ತಂಡ ಹೋಗಿ ಹೊಸ ತಂಡ ಬರಬೇಕು. ಅಂದರೆ ಔಷಧಿ ಹೋಗಲು ಹಿಡಿದ ಸಮಯದ ಮೇಲೆ ಮತ್ತೆ ಹತ್ತು ದಿನ. ಚಿಕಿತ್ಸೆ ಶುರುವಾಗಿ ಎರಡೇ ದಿನಕ್ಕೆ ಸಂಖ್ಯೆ ಏರಿತು ಅಂತ ಓದಿದರೆ ಹುಬ್ಬೇರಿಸಿ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಇದು ಅಧ್ಯಯನ ಓದುವ ಲೆಕ್ಕ. ಇದನ್ನು ನೋಡಿ ಯಾರೂ ಸುಮ್ನೆ ಮನೆಯಲ್ಲಿ ಮಾತ್ರೆ ನಿಲ್ಲಿಸಿ ಪರೀಕ್ಷೆಗೆ ಹೊರಡಬೇಡಿ. ಹಠಾತ್ತನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಕಾಯಿಲೆ ಮರುಕಳಿಸುವುದು ಎಲ್ಲಾ ಆಗಬಹುದು.

ಒಂದೇ ತಡೆ, ಎರಡು ತಿರುಗುಮುರುಗು ಚಿತ್ರ

ಎಸ್‌ಎಸ್‌ಆರ್‌ಐ ಮಾತ್ರೆ, ಅಂದರೆ ಫ್ಲೂಯೊಕ್ಸೆಟಿನ್, ಪ್ಯಾರೊಕ್ಸೆಟಿನ್ ಥರದ್ದು, ಟ್ರಾನ್ಸ್‌ಪೋರ್ಟರ್ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಮಿದುಳಿನಲ್ಲಿ ಹೀಗಾದರೆ ನರಕೋಶಗಳ ನಡುವಿನ ಸಂದಿಯಲ್ಲಿ ಸೆರೊಟೋನಿನ್ ಜಾಸ್ತಿ ಹೊತ್ತು ಉಳಿಯುತ್ತದೆ. ಪ್ಲೇಟ್‌ಲೆಟ್‌ನಲ್ಲಿ ಹೀಗಾದರೆ? ಅದು ತಾನೇ ತಯಾರಿಸುವುದಿಲ್ಲವಲ್ಲ, ಬಾಗಿಲು ಮುಚ್ಚಿದರೆ ಒಳಗೆ ತುಂಬುವ ದಾರಿಯೇ ಇಲ್ಲ. ಹೊಸದಾಗಿ ಹುಟ್ಟಿದವು ಖಾಲಿ ಚೀಲದೊಂದಿಗೇ ತಿರುಗುತ್ತವೆ. ಕೆಲವು ವಾರಗಳಲ್ಲಿ ಪ್ಲೇಟ್‌ಲೆಟ್ ಸೆರೊಟೋನಿನ್ ಹೆಚ್ಚಿನ ಪಾಲು ಬರಿದಾಗುತ್ತದೆ. ಮನಸ್ಸು ಸುಧಾರಿಸುತ್ತಿರುವ ಹೊತ್ತಿಗೇ ರಕ್ತದ ಸೆರೊಟೋನಿನ್ ನೆಲ ಕಚ್ಚಿರುತ್ತದೆ. ಮಾತ್ರೆಯಿಂದ ಉಪಯೋಗ ಕಾಣದವರಲ್ಲೂ ಅಷ್ಟೇ ನೆಲ ಕಚ್ಚಿರಬಹುದು.

ಹಾಗಾಗಿ "ಚಿಕಿತ್ಸೆಯ ನಂತರ ಸೆರೊಟೋನಿನ್ ಕುಸಿಯಿತು" ಅನ್ನೋ ಸಾಲು ಹೇಳುವುದು ಒಂದೇ: ಮಾತ್ರೆ ನುಂಗಿದ್ದಾರೆ, ಅದು ಟ್ರಾನ್ಸ್‌ಪೋರ್ಟರ್ ತಲುಪಿದೆ. ಅದಕ್ಕಿಂತ ಹೆಚ್ಚಿನದ್ದು ಅದರಿಂದ ಹಿಂಡಬೇಡಿ.

ರಕ್ತ ತೆಗೆಯುವವರು ನೀವೇ ಆಗಿದ್ದರೆ

ಪ್ಲೇಟ್‌ಲೆಟ್ ಮುಟ್ಟಿದರೆ ಮುನಿ. ಗಾಯ ಆಯಿತು ಅಂದುಕೊಂಡ ಕೂಡಲೇ ಆಕಾರ ಬದಲಿಸಿ ಒಳಗಿದ್ದದ್ದೆಲ್ಲ ಕಾರಿಬಿಡುತ್ತದೆ. ತೆಳು ಸೂಜಿ ಬೇಡ, 21 ಗೇಜ್ ಅಥವಾ ಅದಕ್ಕಿಂತ ದಪ್ಪದ್ದಿರಲಿ. ತೋಳಿನ ಪಟ್ಟಿ ಬಿಗಿದು ತುಂಬಾ ಹೊತ್ತು ಬಿಡಬೇಡಿ. ಮೊದಲ ಕೆಲವು ಮಿಲಿಲೀಟರ್ ಬೇರೆ ಟ್ಯೂಬಿಗೆ ಹೋಗಲಿ. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಿ, ಕುಲುಕಬೇಡಿ. ಫ್ರಿಜ್‌ನಲ್ಲಿಡಬೇಡಿ! ಉಳಿದ ಮಾದರಿಗಳ ಅಭ್ಯಾಸದಲ್ಲಿ ಇದನ್ನೂ ಐಸ್ ಮೇಲಿಟ್ಟುಬಿಡುತ್ತಾರೆ, ತಣ್ಣಗಾದರೆ ಪ್ಲೇಟ್‌ಲೆಟ್ ಎಚ್ಚೆತ್ತುಕೊಳ್ಳುತ್ತದೆ. ಕೋಣೆಯ ಉಷ್ಣತೆಯಲ್ಲೇ ಇಟ್ಟು ಕೆಲವು ಗಂಟೆಯೊಳಗೆ ಕೆಲಸ ಮುಗಿಸಿ. ಮೊದಲು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ನಿಧಾನಕ್ಕೆ ತಿರುಗಿಸಿ ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ ಮೇಲೆ ತೆಗೆಯಿರಿ, ಕೆಳಗಿನ ಬಿಳಿ ಪದರ ಕದಡದ ಹಾಗೆ. ಆಮೇಲೆ ಜೋರಾಗಿ ತಿರುಗಿಸಿ ಪ್ಲೇಟ್‌ಲೆಟ್ ಇಳಿಸಿ. ಬಿಳಿರಕ್ತಕಣ ಸೇರಿಕೊಂಡರೆ ಪ್ರೋಟೀನ್ ಜಾಸ್ತಿಯಾಗಿ "ಪ್ರತಿ ಮಿಲಿಗ್ರಾಂ ಪ್ರೋಟೀನಿಗೆ" ಬರುವ ಸಂಖ್ಯೆ ಸುಳ್ಳುಸುಳ್ಳೇ ಇಳಿಯುತ್ತದೆ. ತೊಳೆಯುವ ಹಂತ ತಪ್ಪಿಸಬೇಡಿ, ಉಳಿಕೆ ಔಷಧಿ ಹೋಗುವುದು ಅಲ್ಲೇ, ಅದೂ ಪೂರ್ತಿ ಹೋಗುತ್ತದೆ ಅನ್ನೋ ಖಾತರಿ ಇಲ್ಲ.

ಪ್ಲಾಸ್ಮಾ ಸೆರೊಟೋನಿನ್ ಅಳೆಯುವವರಿಗಂತೂ ಇದು ಪ್ರಾಣಸಂಕಟ. ಒಂದಿಷ್ಟು ಪ್ಲೇಟ್‌ಲೆಟ್ ಒಡೆದರೂ ಸಂಖ್ಯೆ ಹಲವು ಪಟ್ಟು ಏರುತ್ತದೆ. ಬಿಡಿಎನ್‌ಎಫ್ ಎಂಬ ಪ್ರೋಟೀನಿಗೂ ಇದೇ ಗೋಳು. ಅದನ್ನೂ ಪ್ಲೇಟ್‌ಲೆಟ್ ಕೂಡಿಟ್ಟುಕೊಂಡು ರಕ್ತ ಹೆಪ್ಪುಗಟ್ಟುವಾಗ ಬಿಡುತ್ತದೆ. ಸೀರಂನಲ್ಲಿ ಅಳೆದದ್ದನ್ನು ಪ್ಲಾಸ್ಮಾದಲ್ಲಿ ಅಳೆದದ್ದರ ಪಕ್ಕ ಇಟ್ಟು ಹೋಲಿಸುವ ಹಾಗೇ ಇಲ್ಲ.

ಸಿಗರೇಟಿನ ಪಾಠ

1972ರಲ್ಲಿ ಸ್ಕಿಜೋಫ್ರೇನಿಯಾ ಇರುವವರ ಪ್ಲೇಟ್‌ಲೆಟ್‌ನಲ್ಲಿ ಮೊನೊಅಮೈನ್ ಆಕ್ಸಿಡೇಸ್ ಚುರುಕು ಕಡಿಮೆ ಅಂತ ಮರ್ಫಿ ಮತ್ತು ವಯಾಟ್ ಬರೆದರು. ಕಾಯಿಲೆಯ ಗುರುತು ಸಿಕ್ಕಿತು ಅನ್ನಿಸಿತ್ತು. ಮುಂದೆ ಗೊತ್ತಾಯಿತು, ತಂಬಾಕಿನ ಹೊಗೆಯೇ ಈ ಕಿಣ್ವವನ್ನು ಚೆನ್ನಾಗಿ ಅದುಮುತ್ತದೆ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಸಿಗರೇಟು ಸೇದುವವರು ಬಹಳ ಜನ. ಕಾಯಿಲೆ ಅಳೆದೆವು ಅಂದುಕೊಂಡವರು ಎಷ್ಟೋ ಪಾಲು ಹೊಗೆಯನ್ನು ಅಳೆದಿದ್ದರು. ಹೀಗಾಗಿ ಹೋಲಿಕೆ ಗುಂಪಿನಲ್ಲಿ ಸೇದುವವರು ಎಷ್ಟು, ವಯಸ್ಸು ಏನು, ಹೆಂಗಸರು ಗಂಡಸರು ಎಷ್ಟೆಷ್ಟು, ಯಾವ ಋತುವಿನಲ್ಲಿ ರಕ್ತ ತೆಗೆದರು ಅಂತ ನೋಡಿ. ಋತು ಅಂದರೆ ನಗಬೇಡಿ, ಪ್ಲೇಟ್‌ಲೆಟ್ ಸೆರೊಟೋನಿನ್ ಹೀರುವ ವೇಗ ವರ್ಷದುದ್ದಕ್ಕೂ ಏರಿಳಿಯುತ್ತದೆ ಅಂತ ಅಳೆದವರಿದ್ದಾರೆ.

ಎಲ್ಲವೂ ಗಾಳಿಗೆ ಹಾರಿಹೋಯಿತು ಅಂತಲ್ಲ. ಆಟಿಸಂ ಇರುವ ಕೆಲವರ ರಕ್ತದಲ್ಲಿ ಸೆರೊಟೋನಿನ್ ಜಾಸ್ತಿ ಅಂತ ಶೈನ್ ಮತ್ತು ಫ್ರೀಡ್‌ಮನ್ 1961ರಲ್ಲಿ ಕಂಡದ್ದು ಇವತ್ತಿಗೂ ನಿಂತಿದೆ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಆದರೆ ಉಳಿದ ಮೂವರಿಗೆ ಇರುವುದಿಲ್ಲ, ಅಲ್ಲಿಗೆ ಅದೂ ರೋಗಪತ್ತೆಗೆ ಬರುವುದಿಲ್ಲ. ಸರಾಸರಿಯ ಜೊತೆ ಚುಕ್ಕಿಚುಕ್ಕಿಯಾಗಿ ಒಬ್ಬೊಬ್ಬರ ಸಂಖ್ಯೆ ತೋರಿಸಿದ ಚಿತ್ರ ಇದ್ದರೆ ಅದನ್ನೇ ನೋಡಿ. ಎರಡು ಗುಂಪಿನ ಚುಕ್ಕಿಗಳು ಒಂದರ ಮೇಲೊಂದು ಬಿದ್ದಿದ್ದರೆ, ಗುಂಪಿನ ವ್ಯತ್ಯಾಸ ಆಕಸ್ಮಿಕವೇ ಅಂತ ತೂಗುವ ಪಿ-ಮೌಲ್ಯ ಎಷ್ಟೇ ಚಂದ ಇರಲಿ, ಒಬ್ಬ ವ್ಯಕ್ತಿಯ ಬಗ್ಗೆ ಅದು ಏನೂ ಹೇಳಲಾರದು.

ನೀವೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ

ಇಷ್ಟೆಲ್ಲದರಲ್ಲಿ ದಿನನಿತ್ಯಕ್ಕೆ ಬೇಕಾದ್ದು ರೋಗಪತ್ತೆಯಲ್ಲ, ರಕ್ತಸ್ರಾವ. ಪ್ಲೇಟ್‌ಲೆಟ್ ಸೆರೊಟೋನಿನ್ ಕೂಡಿಟ್ಟುಕೊಳ್ಳುವುದು ಗಾಯದ ಹತ್ತಿರ ಬಿಡುಗಡೆ ಮಾಡಲು. ಅದು 5-ಎಚ್‌ಟಿ2ಎ ಮೂಲಕ ಪಕ್ಕದ ಪ್ಲೇಟ್‌ಲೆಟ್‌ಗಳನ್ನು ಇನ್ನಷ್ಟು ಹುರಿದುಂಬಿಸುತ್ತದೆ. ಒಂಟಿಯಾಗಿ ಅದಕ್ಕೆ ಹೆಚ್ಚು ಬಲವಿಲ್ಲ, ಉಳಿದ ಸಂಕೇತಗಳಿಗೆ ಒತ್ತಾಸೆ ಕೊಡುತ್ತದೆ. ಎಸ್‌ಎಸ್‌ಆರ್‌ಐ ಆ ಚೀಲ ಖಾಲಿ ಮಾಡಿದಾಗ ಒತ್ತಾಸೆ ಹೋಗುತ್ತದೆ. ಬಹಳಷ್ಟು ಜನರಿಗೆ ಇದು ಗೊತ್ತೇ ಆಗುವುದಿಲ್ಲ, ಹೆಚ್ಚೆಂದರೆ ಪೆಟ್ಟು ಬಿದ್ದಲ್ಲಿ ಚರ್ಮ ಬೇಗ ಕಂದುಗಟ್ಟುತ್ತದೆ. ಆದರೆ ಜೊತೆಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಆಸ್ಪಿರಿನ್, ಅಥವಾ ರಕ್ತ ತೆಳುವಾಗಿಸುವ ವಾರ್ಫರಿನ್ ಸೇರಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಏರುತ್ತದೆ. ಪ್ಯಾರೊಕ್ಸೆಟಿನ್, ಫ್ಲೂಯೊಕ್ಸೆಟಿನ್, ಸರ್ಟ್ರಾಲಿನ್ ಟ್ರಾನ್ಸ್‌ಪೋರ್ಟರನ್ನು ಬಿಗಿಯಾಗಿ ಹಿಡಿಯುವವು. ಮಿರ್ಟಜಪಿನ್, ಬುಪ್ರೋಪಿಯಾನ್ ಅದರ ತಂಟೆಗೆ ಹೆಚ್ಚು ಹೋಗುವುದಿಲ್ಲ.

ಇಲ್ಲೊಂದು ಬಲೆ ಇದೆ. ಎಸ್‌ಎಸ್‌ಆರ್‌ಐನಿಂದ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಎಣಿಕೆ ಕಡಿಮೆಯಾಗುವುದಿಲ್ಲ. ರಕ್ತಪರೀಕ್ಷೆಯ ಹಾಳೆಯಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದೊಳಗೆ ನೆಟ್ಟಗೆ ಕೂತಿರುತ್ತದೆ. ಬದಲಾದದ್ದು ಕೆಲಸ, ಸಂಖ್ಯೆ ಅಲ್ಲ. ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ವಾಲ್ಪ್ರೋಯೇಟ್ ಮಾತ್ರ ಬೇರೆ ಜಾತಿ, ಅದು ಎಣಿಕೆಯನ್ನೇ ಇಳಿಸಬಲ್ಲದು, ಡೋಸ್ ಏರಿದಷ್ಟೂ ಜಾಸ್ತಿ. ಮುಂದಿನ ಡೋಸಿಗೆ ಮುಂಚಿನ ರಕ್ತದ ಮಟ್ಟ ಹೆಂಗಸರಲ್ಲಿ ಮಿಲಿಲೀಟರಿಗೆ 110 ಮೈಕ್ರೊಗ್ರಾಂ, ಗಂಡಸರಲ್ಲಿ 135 ದಾಟಿದರೆ ಅಪಾಯ ಎದ್ದು ಕಾಣುವಷ್ಟು ಏರುತ್ತದೆ. ಹಾಗಾಗಿ ಅದನ್ನು ತೆಗೆದುಕೊಳ್ಳುವವರಿಗೆ ಎಣಿಕೆ ನೋಡುವುದರಲ್ಲಿ ಅರ್ಥ ಇದೆ.

ಹಲ್ಲು ಕೀಳಿಸುವುದಿರಲಿ, ಆಪರೇಷನ್ ಇರಲಿ, ನೀವು ತೆಗೆದುಕೊಳ್ಳುವ ಮಾತ್ರೆಯ ಹೆಸರು ಹೇಳಿಬಿಡಿ. "ಅದು ಮನಸ್ಸಿನ ಮಾತ್ರೆ, ಹಲ್ಲಿಗೇನು ಸಂಬಂಧ" ಅಂತ ಬಿಟ್ಟುಬಿಡುವವರೇ ಜಾಸ್ತಿ. ನೋವಿನ ಮಾತ್ರೆ ಬೇಕಾದಾಗ ಪ್ಯಾರಾಸಿಟಮಾಲ್ ಸಾಕಾಗುತ್ತದಾ ಅಂತ ವೈದ್ಯರನ್ನು ಕೇಳಿ. ಮಲ ಡಾಂಬರಿನ ಹಾಗೆ ಕಪ್ಪಗೆ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ ಮಾರನೇ ದಿನಕ್ಕೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಮಾತ್ರೆಯ ಪಟ್ಟಿ ಜೇಬಿನಲ್ಲಿರಲಿ.